ಕಾಲು ಬಡಿಯದೆ ಡೈವಿಂಗ್: ಯಾವ ಸಾಮಾನು ಕೊಳ್ಳಬೇಕು, ಯಾವುದು ಬಾಡಿಗೆ ಸಾಕು, ಯಾವುದು ಬೇಡವೇ ಬೇಡ

ಸ್ಕೂಬಾ ಸಾಮಾನು ತಯಾರಿಸುವವರ ಕಣ್ಣಮುಂದೆ ಒಬ್ಬ ಡೈವರ್ ಇದ್ದಾನೆ. ಎಡಗೈ ಹೆಬ್ಬೆರಳಲ್ಲಿ ಜಾಕೆಟ್ಟಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿ ಒತ್ತುತ್ತಾನೆ, ಬಲಗೈಯಲ್ಲಿ ಮೂಗು ಹಿಡಿದು ಕಿವಿ ಬಿಡಿಸಿಕೊಳ್ಳುತ್ತಾನೆ, ಮುಂದೆ ಸಾಗುವ ಕೆಲಸ ಪೂರ್ತಿ ಕಾಲಿನದು. ಬೆನ್ನುಹುರಿಗೆ ಪೆಟ್ಟಾದವರು ನೀರಿಗಿಳಿದರೆ ಈ ಲೆಕ್ಕವೇ ಬುಡಮೇಲು. ಸಾಗುವುದೂ ಕೈಯೇ, ಗುಂಡಿ ಒತ್ತುವುದೂ ಕೈಯೇ, ಮೂಗು ಹಿಡಿಯುವುದೂ ಕೈಯೇ. ಹಾಗಾಗಿ ಇಲ್ಲಿ ಪ್ರತಿಯೊಂದು ಸಾಮಾನನ್ನೂ ಒಂದೇ ಪ್ರಶ್ನೆಯಿಂದ ತೂಗಿದೆ: ಇದು ಕೈಗೆ ಕೆಲಸ ಕಡಿಮೆ ಮಾಡುತ್ತದೋ, ಜಾಸ್ತಿ ಮಾಡುತ್ತದೋ? ‘ವಿಶೇಷಚೇತನರಿಗಾಗಿಯೇ’ ಎಂದು ಹೆಸರು ಹೊತ್ತು ಬರುವ ಹಲವು ಸಾಮಾನು ಈ ಪ್ರಶ್ನೆಗೆ ಫೇಲ್. ಮಾಮೂಲಿ ಅಂಗಡಿಯ ಸಾಮಾನು, ಒಂದು ಪಟ್ಟಿಯನ್ನೋ ಒಂದು ತೂಕವನ್ನೋ ಅತ್ತಿತ್ತ ಸರಿಸಿದರೆ, ಎಷ್ಟೋ ಸಲ ಪಾಸ್.

ಮೊದಲು ಬಿಸಿಡಿ, ಅಂದರೆ ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್. ಹೆಚ್ಚು ತಲೆಕೆಡಿಸಿಕೊಂಡು ಕೊಳ್ಳಬೇಕಾದದ್ದು ಇದನ್ನೇ. ಪಳಗಿದ ಡೈವರ್‌ಗಳು ಹೊಗಳುವ ವಿಂಗ್ ಮಾದರಿಯಲ್ಲಿ ಗಾಳಿಚೀಲ ಬೆನ್ನಿಗೆ ಮಾತ್ರ. ನೀರೊಳಗೆ ಅದು ಅಚ್ಚುಕಟ್ಟು, ಮೇಲೆ ಬಂದ ಮೇಲೆ ತೊಂದರೆ: ಬೆನ್ನಿನ ಗಾಳಿ ಮುಖವನ್ನು ನೀರಿನ ಕಡೆಗೆ ದೂಡುತ್ತದೆ. ಉಳಿದವರು ಕಾಲು ಬಡಿದು ನೆಟ್ಟಗಾಗುತ್ತಾರೆ; ಕಾಲಾಡದವರು ಕೈಯಲ್ಲೇ ನೀರು ತಳ್ಳುತ್ತಾ ಇರಬೇಕು. ಪಕ್ಕೆಗೂ ಗಾಳಿ ಬರುವ ಹಳೇ ಕಾಲದ ಜಾಕೆಟ್ ಮಾದರಿಯೇ ಇವರಿಗೆ ಸರಿ.

ಅದಕ್ಕೂ ಒಂದು ಪರೀಕ್ಷೆ ಇದೆ. ಪೂರ್ತಿ ತುಂಬಿದ ಜಾಕೆಟ್ ಎದೆ, ಹೊಟ್ಟೆ ಎರಡನ್ನೂ ಹಿಂಡುತ್ತದೆ. ಪಕ್ಕೆಲುಬಿನ ನಡುವಿನ ಸ್ನಾಯುಗಳು ಕೆಲಸ ಮಾಡದವರ ಉಸಿರಾಟ ಬಹುಪಾಲು ವಪೆಯ, ಅಂದರೆ ಎದೆ, ಹೊಟ್ಟೆಯ ನಡುವಿನ ಸ್ನಾಯುಪರದೆಯ ಮೇಲೆ ನಿಂತಿರುತ್ತದೆ; ಹೊಟ್ಟೆ ಮುಂದೆ ಬರಲು ಜಾಗವಿಲ್ಲದಿದ್ದರೆ ವಪೆ ಇಳಿಯುವುದು ಎಲ್ಲಿಗೆ? ಅಂಗಡಿಯಲ್ಲಿ ಗಾಲಿಕುರ್ಚಿಯಲ್ಲಿ ಕೂತೇ ಜಾಕೆಟ್ ತೊಡಿ. ಎದೆ, ಸೊಂಟದ ಪಟ್ಟಿ ಬಿಗಿದು, ಹೆಚ್ಚಾದ ಗಾಳಿ ಹೊರಬಿಡುವ ಕವಾಟ ಬುಸ್ ಎನ್ನುವ ತನಕ ತುಂಬಿಸಿ. ಆಮೇಲೆ ಹತ್ತು ಸಲ ಆಳವಾಗಿ ಉಸಿರೆಳೆದು ನೋಡಿ. ಐದನೆಯದಕ್ಕೇ ಏದುಸಿರು ಬಂದರೆ ಆ ಅಳತೆ ಬೇಡ, ಅಂಗಡಿಯವರು ‘ನೀರಲ್ಲಿ ಸಡಿಲವಾಗುತ್ತೆ’ ಎಂದರೂ ಬೇಡ.

ಗಾಳಿ ತುಂಬುವ, ಬಿಡುವ ಗುಂಡಿಗಳ ವಿಷಯದಲ್ಲಿ ಅಕ್ವಾ ಲಂಗ್‌ನ ಐ3 ವ್ಯವಸ್ಥೆ ಬೇರೆ ಜಾತಿಯದು. ಎಡ ಭುಜದಿಂದ ಜೋತಾಡುವ ಕೊಳವೆಯ ಬದಲು ಎಡ ಸೊಂಟದ ಹತ್ತಿರ ಒಂದು ಸನ್ನೆ, ಅಂದರೆ ಲಿವರ್. ಮೇಲಕ್ಕೆ ದೂಡಿದರೆ ಗಾಳಿ ತುಂಬುತ್ತದೆ, ಕೆಳಕ್ಕೆ ಒತ್ತಿದರೆ ಮೇಲಿನ, ಕೆಳಗಿನ ಕವಾಟಗಳೆರಡೂ ಒಟ್ಟಿಗೇ ತೆರೆದುಕೊಳ್ಳುತ್ತವೆ. ಬೆರಳು ಮಡಚಲಾಗದವರು ಮುಷ್ಟಿಯಲ್ಲೋ ಅಂಗೈ ಬುಡದಲ್ಲೋ ಇದನ್ನು ಆಡಿಸಬಹುದು. ತಲೆಕೆಳಗಾಗಿದ್ದರೂ ಗಾಳಿ ಹೊರಹೋಗುತ್ತದೆ ಎಂಬುದೇ ದೊಡ್ಡ ಲಾಭ. ಯಾಕೆಂದು ಮುಂದೆ ಹೇಳುತ್ತೇನೆ. ಕೊರತೆಗಳೂ ಇವೆ. ಬಾಯಿಂದ ಊದುವ ಕೊಳವೆ ಬೇರೆ ಕಡೆ ಮಡಚಿಟ್ಟಿರುವುದರಿಂದ, ಈ ಜಾಕೆಟ್ ನೋಡಿರದ ಜೊತೆಗಾರ ಆತುರದಲ್ಲಿ ಎಡ ಭುಜ ತಡಕಾಡುತ್ತಾನೆ. ಮೊದಲ ದಿನ ದಡದಲ್ಲೇ ಅವನ ಕೈ ಹಿಡಿದು ತೋರಿಸಬೇಕು. ಸರ್ವಿಸ್ ಕೂಡ ಎಲ್ಲ ಮೆಕ್ಯಾನಿಕ್‌ಗಳೂ ಮಾಡುವಂಥದ್ದಲ್ಲ.

ಈಗ ತಲೆಕೆಳಗಿನ ವಿಷಯ. 12 ಲೀಟರಿನ ಟ್ಯಾಂಕಿಗೆ 200 ಬಾರ್ ಒತ್ತಡದ ತನಕ ತುಂಬಿದರೆ ಒಳಗೆ 2400 ಲೀಟರ್ ಗಾಳಿ. ಅದು 50 ಬಾರ್‌ಗೆ ಇಳಿಯುವ ಹೊತ್ತಿಗೆ 1800 ಲೀಟರ್ ಖರ್ಚಾಗಿರುತ್ತದೆ, ಅಂದರೆ ಎರಡು ಕಿಲೋಗೂ ಮಿಕ್ಕಿ ತೂಕ ಕಳೆದಿರುತ್ತದೆ. ಅಲ್ಯೂಮಿನಿಯಂ ಟ್ಯಾಂಕಾದರೆ ಡೈವಿನ ಕೊನೆಯಲ್ಲಿ ತಾನೇ ತೇಲತೊಡಗುತ್ತದೆ, ಅದರಲ್ಲೂ ಬುಡದ ಕಡೆ ಮೇಲೇಳುತ್ತದೆ. ಸ್ನಾಯು ಸೊರಗಿದ ಕಾಲಿಗೆ ಮೊದಲೇ ತೂಕ ಕಡಿಮೆ, ಮೇಲೆ ತೇಲುವ ನಿಯೋಪ್ರೀನ್ ರಬ್ಬರಿನ ಸೂಟು ಬೇರೆ. ಎರಡೂ ಸೇರಿ ಕಾಲು ಮೇಲೆ, ತಲೆ ಕೆಳಗೆ. ಆಗ ಜಾಕೆಟ್ಟಿನ ಗಾಳಿಯೆಲ್ಲ ಸೊಂಟದ ಭಾಗಕ್ಕೆ ಓಡುತ್ತದೆ. ಭುಜದ ಕವಾಟದ ದಾರ ಎಷ್ಟು ಎಳೆದರೂ ಗುಳ್ಳೆ ಬರುವುದಿಲ್ಲ, ಯಾಕೆಂದರೆ ಅಲ್ಲಿ ಗಾಳಿಯೇ ಇಲ್ಲ. ಮೇಲೇರುತ್ತಾ ಹೋದಂತೆ ಇದ್ದ ಗಾಳಿ ಹಿಗ್ಗುತ್ತದೆ, ಏರುವ ವೇಗ ಇನ್ನೂ ಜಾಸ್ತಿಯಾಗುತ್ತದೆ. ಮೇಲೆ ಬರುವ ಮುಂಚೆ ಐದು ಮೀಟರ್ ಆಳದಲ್ಲಿ ಸ್ವಲ್ಪ ಹೊತ್ತು ನಿಲ್ಲುವ ಸುರಕ್ಷತಾ ನಿಲುಗಡೆಯಲ್ಲಿ ಕೈತಪ್ಪಿ ಮೇಲೆ ಚಿಮ್ಮುವುದಕ್ಕೆ ಸಾಮಾನ್ಯ ಕಾರಣ ಇದೇ.

ಮದ್ದು ಸುಲಭ. ಸೊಂಟದ ಹಿಂಬದಿಯ ಕವಾಟ ಇರುವ ಜಾಕೆಟ್ಟನ್ನೇ ಕೊಳ್ಳಿ, ಅದರ ದಾರದ ತುದಿಗೆ ನಿಂಬೆಹಣ್ಣಿನಷ್ಟು ದೊಡ್ಡ ಗುಂಡು ಕಟ್ಟಿ. ಸ್ಟೀಲ್ ಟ್ಯಾಂಕ್ ಸಿಕ್ಕರೆ ಅದನ್ನೇ ಕೇಳಿ; ಖಾಲಿಯಾಗುತ್ತಾ ಬಂದರೂ ಸಾಮಾನ್ಯವಾಗಿ ಮುಳುಗುವ ಗುಣ ಬಿಡುವುದಿಲ್ಲ. ಇಲ್ಲವಾದರೆ ಟ್ಯಾಂಕನ್ನು ಪಟ್ಟಿಯಲ್ಲಿ ಸ್ವಲ್ಪ ಕೆಳಕ್ಕೆ ಸರಿಸಿ, ಅದರ ಬುಡದ ಕಡೆ ಒಂದು ಕಿಲೋ ತೂಕ ಕಟ್ಟಿ. ಕಣಕಾಲಿಗೆ ಕಟ್ಟುವ ತೂಕವನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ, ಪರವಾಗಿಲ್ಲ, ಆದರೆ ಅರ್ಧ ಕಿಲೋದಿಂದ ಶುರು ಮಾಡಿ, ವೆಟ್‌ಸೂಟಿನ ಮೇಲೆಯೇ ಕಟ್ಟಿ. ಬರಿ ಚರ್ಮದ ಮೇಲೆ ಕಟ್ಟಿದರೆ ಒತ್ತುತ್ತಿರುವುದು ಗೊತ್ತೇ ಆಗುವುದಿಲ್ಲ. ತೂಕದ ಪರೀಕ್ಷೆಯನ್ನು ಟ್ಯಾಂಕ್ 50 ಬಾರ್ ಇರುವಾಗ, ಡೈವ್ ಮುಗಿಸಿ ಬಂದ ಕೂಡಲೇ ಮಾಡುವುದು ಒಳ್ಳೆಯದು: ಜಾಕೆಟ್ ಖಾಲಿ, ಉಸಿರು ಸಾಧಾರಣ, ನೀರು ಕಣ್ಣಿನ ಮಟ್ಟಕ್ಕೆ. ಆಗಲೂ ದೇಹ ಅಡ್ಡಲಾಗಿ ನಿಲ್ಲುತ್ತದೆಯೇ ಎಂದು ಪಕ್ಕದಿಂದ ನೋಡಲು ಒಬ್ಬರಿರಲಿ. ಒಂದು ಕಾಲಿಲ್ಲದವರಿಗೆ ಇನ್ನೊಂದು ಗೋಳು, ದೇಹ ಪಕ್ಕಕ್ಕೆ ಮಗುಚುತ್ತದೆ. ಕಾಲು ಇಲ್ಲದ ಕಡೆಯ ಸೊಂಟಕ್ಕೆ ಒಂದಿಷ್ಟು ತೂಕ ಜಾಸ್ತಿ ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ವೆಟ್‌ಸೂಟ್ ವಿಷಯದಲ್ಲಿ ಮಾತ್ರ ಕೈಬಿಚ್ಚಿ ಖರ್ಚು ಮಾಡಿ. ಮಾಮೂಲಿ ಸೂಟು ತೊಡಿಸುವುದೆಂದರೆ ಇಬ್ಬರು ಹಿಡಿದೆಳೆದು, ಮಡಿಕೆ ಬಿಡಿಸಿ, ಅರ್ಧ ಗಂಟೆ ಒದ್ದಾಟ; ಕಾಲುಬೆರಳು ಒಳಗೆ ಮಡಚಿಕೊಂಡರೂ ತೊಟ್ಟವರಿಗೆ ತಿಳಿಯುವುದಿಲ್ಲ. ಕಣಕಾಲಿಂದ ತೊಡೆಯ ತನಕ, ಮಣಿಕಟ್ಟಿಂದ ಮೊಣಕೈ ದಾಟಿ ಜಿಪ್ ಇರುವ ಸೂಟನ್ನು ಅಳತೆಗೆ ಹೊಲಿಸಿಕೊಂಡರೆ, ಅದನ್ನು ಹಾಸಿ, ಮೇಲೆ ಮಲಗಿಸಿ, ಮುಚ್ಚಿದರಾಯಿತು. ಹೊಲಿಸುವಾಗ ಮೂರು ಮಾತು ಹೇಳಿ. ಜಿಪ್ಪಿನ ಹಿಂದೆ ನಿಯೋಪ್ರೀನ್ ಪಟ್ಟಿ ಬೇಕು, ಇಲ್ಲದಿದ್ದರೆ ತಣ್ಣೀರು ಸೀದಾ ಒಳಗೆ. ಜಿಪ್ ತುದಿಗೆ ಬೆರಳು ತೂರುವ ಉಂಗುರ ಬೇಕು. ಪೃಷ್ಠದಡಿ, ಬಾಲಮೂಳೆಯ ಮೇಲೆ ಯಾವ ಹೊಲಿಗೆಯೂ ಬರಕೂಡದು. ಮೂರನೆಯದನ್ನು ಹೇಳದಿದ್ದರೆ ದರ್ಜಿ ಅಲ್ಲೇ ಹೊಲಿಗೆ ಹಾಕುತ್ತಾನೆ, ಸೂಟಿನ ಕಟ್ಟಿಂಗೇ ಹಾಗಿರುತ್ತದೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ನಿಜ. ಆದರೆ ಸಂವೇದನೆಯಿಲ್ಲದ ಪೃಷ್ಠದ ಹುಣ್ಣಿಗೆ ಬೇಕೇ ಬೇಕು. ಸೂಟು ಬಿಚ್ಚಿದ ಕೂಡಲೇ ಬಾಲಮೂಳೆ, ಸೊಂಟದ ಮೂಳೆ, ಹಿಮ್ಮಡಿ, ಮೊಣಕಾಲು ನೋಡಿ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಸರಿ. ಒತ್ತಿದರೂ ಕೆಂಪು ಹೋಗದಿದ್ದರೆ ಅದು ಒತ್ತಡದ ಹುಣ್ಣಿನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಈ ಬಣ್ಣದಾಟ ಸರಿಯಾಗಿ ಕಾಣುವುದಿಲ್ಲ, ಅಲ್ಲಿ ಬಿಸಿ, ಗಟ್ಟಿತನ, ಊತ ತಡವಿ ನೋಡಬೇಕು. ಗುರುತು ಕಂಡರೆ ಆ ಜಾಗದ ಮೇಲೆ ಭಾರ ಬಿಡಬೇಡಿ, ಮಾರನೇ ದಿನದ ಡೈವ್ ಬಿಡಿ.

ದಪ್ಪ ಎಷ್ಟಿರಬೇಕು? ಜೊತೆಯವರು 3 ಮಿ.ಮೀ. ತೊಟ್ಟರೆ ಇವರಿಗೆ 5. ಪೆಟ್ಟಾದ ಜಾಗದಿಂದ ಕೆಳಗೆ ನಡುಕ ಬರುವುದಿಲ್ಲ, ಹಾಗಾಗಿ ದೇಹ ಬಿಸಿ ಹುಟ್ಟಿಸಿಕೊಳ್ಳುವುದು ಕಡಿಮೆ. ಚಳಿಗೆ ಕಾಲಿನ ಸೆಳೆತ ಬೇರೆ ಹೆಚ್ಚುತ್ತದೆ. ಅದೇ ಸೂಟು ದೋಣಿಯ ಬಿಸಿಲಲ್ಲಿ ಶತ್ರು, ಪೆಟ್ಟಾದ ಜಾಗದ ಕೆಳಗೆ ಬೆವರೂ ಬರುವುದಿಲ್ಲವಲ್ಲ. ನೀರಿಗಿಳಿಯುವ ಹತ್ತು ನಿಮಿಷ ಮುಂಚೆ ಜಿಪ್ ಮುಚ್ಚಿದರೆ ಸಾಕು, ಅಲ್ಲಿಯ ತನಕ ತೆರೆದಿರಲಿ, ಮೇಲೆ ನೀರು ಸುರಿಯುತ್ತಿರಿ. ನಡೆಯದವರಿಗೂ ಗಟ್ಟಿ ಅಡಿಯ ಬೂಟು ಬೇಕು. ದೋಣಿಯ ಅಂಚಿಗೆ ಮೊದಲು ತಾಗುವುದು ಹಿಮ್ಮಡಿಯೇ.

ಸೂಟಿನ ಬಿಗಿ ಇನ್ನೊಂದು ಕಾರಣಕ್ಕೂ ಮುಖ್ಯ. ಎದೆಯ ಆರನೇ ಕಶೇರು, ಅಂದರೆ ಟಿ6 ಮತ್ತು ಅದರ ಮೇಲೆ ಪೆಟ್ಟಾದವರಿಗೆ ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ಅಪಾಯವಿದೆ. ಕೆಳಗೆ ಎಲ್ಲೋ ಒಂದು ಕಿರಿಕಿರಿ, ತುಂಬಿದ ಮೂತ್ರಕೋಶವೋ, ಬಿಗಿದ ಪಟ್ಟಿಯೋ, ಮಡಚಿದ ಬೆರಳೋ, ಆದಾಗ ರಕ್ತದೊತ್ತಡ ಏಕಾಏಕಿ ಮೇಲೇರುತ್ತದೆ. ತಲೆ ಸಿಡಿಯುವಂಥ ನೋವು, ಮುಖ ಕೆಂಪು, ಪೆಟ್ಟಿನ ಮೇಲಿನ ಭಾಗದಲ್ಲಿ ಬೆವರು, ಕಣ್ಣು ಮಂಜು. ನೀರಲ್ಲಿ ಬೆವರು ಕಾಣದು, ತಲೆನೋವನ್ನು ‘ಮಾಸ್ಕ್ ಬಿಗಿಯಾಗಿದೆ’ ಎಂದು ತಳ್ಳಿಹಾಕುವುದು ಸುಲಭ. ನೀರೇ ಇದನ್ನು ಕರೆತರುತ್ತದೆ ಎಂಬುದು ಹಲವರ ಗಮನಕ್ಕೆ ಬರುವುದಿಲ್ಲ: ನೀರಿನಲ್ಲಿ ಮುಳುಗಿದಾಗ ಕಾಲಿನ ರಕ್ತ ಎದೆಯತ್ತ ಸರಿಯುತ್ತದೆ, ಮೂತ್ರಪಿಂಡ ಹೆಚ್ಚು ಮೂತ್ರ ಮಾಡುತ್ತದೆ. ಖಾಲಿ ಮಾಡಿ ಇಳಿದ ಮೂತ್ರಕೋಶವೂ ಬೇಗನೇ ತುಂಬುತ್ತದೆ. ಮೂತ್ರ ಹೊರತರುವ ಕ್ಯಾತಿಟರ್ ಕೊಳವೆ ತೊಡೆಪಟ್ಟಿಯ ಅಡಿ ಮಡಚಿಕೊಂಡಿದ್ದರಂತೂ ಕಥೆ ಮುಗಿಯಿತು. ಆದ್ದರಿಂದ ಕಾಲಿನ ನಡುವೆ ಹಾಯುವ ಪಟ್ಟಿ ಇರುವ ಜಾಕೆಟ್, ತೊಡೆಗೆ ತೂಕದ ಚೀಲ, ಇವೆರಡೂ ಕ್ಯಾತಿಟರ್ ಇರುವವರಿಗೆ ಬೇಡ. ಕಾಲಿಗೆ ಕಟ್ಟುವ ಮೂತ್ರದ ಚೀಲವನ್ನು (ಲೆಗ್ ಬ್ಯಾಗ್) ಖಾಲಿ ಮಾಡಿ, ಒಳಗಿನ ಗಾಳಿಯನ್ನೂ ಹಿಂಡಿ ತೆಗೆದು ಕಟ್ಟಿ. ಒಳಗಿರುವ ಕ್ಯಾತಿಟರಿನ ಬಲೂನಿಗೆ ಗಾಳಿಯಲ್ಲ, ನೀರು ತುಂಬಿರಬೇಕು. ತಲೆನೋವು ಬಂತೋ, ಡೈವ್ ಅಲ್ಲಿಗೆ ಮುಗಿಯಿತು: ನಿಧಾನವಾಗಿ ಮೇಲೆ ಬಂದು, ನೆಟ್ಟಗೆ ಕೂರಿಸಿ, ಪಟ್ಟಿ, ಜಿಪ್ ಬಿಚ್ಚಿ, ಕೊಳವೆ ನೋಡಿ. ಮಲಗಿಸಬೇಡಿ, ಮಲಗಿಸಿದರೆ ಒತ್ತಡ ಇನ್ನೂ ಏರುತ್ತದೆ.

ಮುಖ ಪೂರ್ತಿ ಮುಚ್ಚುವ ಫುಲ್ ಫೇಸ್ ಮಾಸ್ಕ್‌ಗೆ ಬರೋಣ. ಇಂಟರ್‌ಸ್ಪಿರೋ, ಓಷನ್ ರೀಫ್ ಮುಂತಾದವರದು. ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರನ್ನು ತುಟಿ, ದವಡೆಯಲ್ಲಿ ಕಚ್ಚಿ ಹಿಡಿಯಲಾಗದವರಿಗೆ, ಕೈಯೆತ್ತಿ ಮಾಸ್ಕಿನ ನೀರು ಹೊರಹಾಕಲಾಗದವರಿಗೆ ಇದು ವರ. ಮೂಗು, ಬಾಯಿ ಎರಡರಿಂದಲೂ ಉಸಿರಾಡಬಹುದು, ಮಾತಾಡುವ ಯಂತ್ರ ಜೋಡಿಸಬಹುದು. ಕೈಸನ್ನೆ ಮಾಡಲಾಗದವರಿಗೆ ‘ಕಿವಿ ನೋವು, ನಿಲ್ಲು’ ಎಂದು ಹೇಳುವ ದಾರಿ ಸಿಕ್ಕಂತೆ. ಒಳಗಿನ ಮೂಗಿನ ದಿಂಬಿಗೆ ಮುಖ ಒತ್ತಿ ಕಿವಿ ಬಿಡಿಸಿಕೊಳ್ಳಬಹುದು. ಆ ದಿಂಬಿನ ಎತ್ತರ ಮೂಗಿಗೆ ಹೊಂದಿಸದೆ ಇಳಿದರೆ ಮೂರನೇ ಮೀಟರಿಗೇ ವಾಪಸ್. ಕತ್ತು ಆಡದವರಿಗೆ ದಿಂಬು ಒತ್ತುವುದೂ ಕಷ್ಟ ಎಂಬುದನ್ನು ಮಾರುವವರು ಹೇಳುವುದಿಲ್ಲ.

ಉಳಿದವರಿಗೆ ಇದು ಮೂಗಿಗಿಂತ ಮೂಗುತಿ ಭಾರ. ಒಳಗೆ ಒಂದು ಲೀಟರ್ ಗಾಳಿಯ ಜಾಗವಿದ್ದರೆ ಒಂದು ಕಿಲೋ ಮೇಲೆತ್ತುವ ಬಲ. ಸೋತ ಕತ್ತಿಗೆ ನಲವತ್ತು ನಿಮಿಷ ಅದು ಸಣ್ಣ ಮಾತಲ್ಲ. ಗಡ್ಡವಿದ್ದರೆ ಸೋರುತ್ತದೆ. ಒಳಗೆ ಸದಾ ಹೆಚ್ಚಿನ ಒತ್ತಡ ಇಡುವ ಮಾದರಿಯಲ್ಲಿ ಅಂಚು ಸ್ವಲ್ಪ ಎದ್ದರೂ ಗಾಳಿ ಭರ್ರನೆ ಹರಿದು ಟ್ಯಾಂಕು ಬರಿದಾಗುತ್ತದೆ. ಇದೆಲ್ಲಕ್ಕಿಂತ ಮುಖ್ಯವಾದ ಮಾತು: ಮಾಮೂಲಿ ಡೈವರ್‌ಗೆ ಮಾಸ್ಕ್ ಹೋದರೆ ಉಸಿರು ಉಳಿಯುತ್ತದೆ, ರೆಗ್ಯುಲೇಟರ್ ಹೋದರೆ ಕಣ್ಣು ಉಳಿಯುತ್ತದೆ. ಇಲ್ಲಿ ಎರಡೂ ಒಟ್ಟಿಗೇ ಹೋಗುತ್ತವೆ. ಬದಲಿ ರೆಗ್ಯುಲೇಟರ್ ಬಾಯಿಗಿಟ್ಟು, ಬದಲಿ ಮಾಸ್ಕ್ ಮುಖಕ್ಕೆ ತೊಡಿಸುವುದನ್ನು ಜೊತೆಗಾರನೇ ಮಾಡಬೇಕು. ಆ ಕಸರತ್ತನ್ನು ಈಜುಕೊಳದ ಎರಡು ಮೀಟರಿನಲ್ಲಿ, ಕಣ್ಣು ಮುಚ್ಚಿಯೂ ಮಾಡುವಷ್ಟು ಪಳಗುವ ತನಕ ಇಬ್ಬರೂ ಸಮುದ್ರಕ್ಕೆ ಇಳಿಯಕೂಡದು. ಬದಲಿ ರೆಗ್ಯುಲೇಟರನ್ನು ಬಾಯಲ್ಲಿ ಹಿಡಿಯಲೇ ಆಗದವರಿಗೆ, ಮಾಸ್ಕಿಗೇ ಎರಡನೇ ಗಾಳಿಮೂಲ ಜೋಡಿಸುವ ಕವಾಟ ಇರುವ ಮಾದರಿ ಬಿಟ್ಟು ಬೇರೆ ಬೇಡ. ತೀರ್ಪು: ಮೊದಲು ಬಾಡಿಗೆಗೆ, ಕನಿಷ್ಠ ಐದಾರು ಸಲ ಕೊಳದಲ್ಲಿ. ಸ್ನಾರ್ಕೆಲಿಂಗ್‌ಗೆಂದು ಮಾರುವ, ನೆತ್ತಿಯ ಮೇಲೆ ಕೊಳವೆ ಇರುವ ಮುಖಪೂರ್ತಿ ಮಾಸ್ಕ್ ಇದರ ತಮ್ಮನೂ ಅಲ್ಲ. ಅದನ್ನು ಸ್ಕೂಬಾಕ್ಕೆ ಬಳಸುವ ಮಾತೇ ಇಲ್ಲ.

ಬಾತುಕೋಳಿ ಪಾದದಂತೆ ಬೆರಳ ನಡುವೆ ಪೊರೆ ಇರುವ ಕೈಗವಸು ಅಗ್ಗ, ಕೆಲಸಕ್ಕೂ ಬರುತ್ತದೆ, ಕಾಲಾಡದಿದ್ದರೂ ಕೈ ಗಟ್ಟಿ ಇರುವವರಿಗೆ. ಬೆರಳ ತುದಿ ತೆರೆದಿರುವುದನ್ನೇ ಆರಿಸಿ, ಗುಂಡಿ ತಡವಿದರೆ ತಿಳಿಯಬೇಕು. ಗಾಲಿಕುರ್ಚಿ ತಳ್ಳಿ ತಳ್ಳಿ ಮೊದಲೇ ದಣಿದ ಭುಜಕ್ಕೆ ಇದು ಇನ್ನಷ್ಟು ಭಾರ ಹಾಕುತ್ತದೆ, ಹಾಗಾಗಿ ಎದುರು ಪ್ರವಾಹದಲ್ಲಿ ಇದನ್ನು ನಂಬಬೇಡಿ. ಕತ್ತಿನ ಆರನೇ ಕಶೇರು, ಅಂದರೆ ಸಿ6 ಮಟ್ಟದಲ್ಲಿ ಪೆಟ್ಟಾದವರು ಮಾತ್ರ ಮುಟ್ಟಲೇಬಾರದು. ಅವರು ಮಣಿಕಟ್ಟು ಹಿಂದಕ್ಕೆ ಬಾಗಿಸಿದಾಗ ಬೆರಳುಗಳು ತಾವಾಗಿ ಮಡಚಿಕೊಂಡು ಹಿಡಿತ ಬರುತ್ತದೆ; ಆ ಹಿಡಿತದಲ್ಲೇ ಲೋಟ ಎತ್ತುತ್ತಾರೆ, ಚಮಚ ಹಿಡಿಯುತ್ತಾರೆ. ನಿಯೋಪ್ರೀನ್ ಪೊರೆ ಬೆರಳುಗಳನ್ನು ಅಗಲಿಸಿ ಹಿಡಿದರೆ ಆ ಒಂದು ಹಿಡಿತವೂ ಹೋಯಿತು.

ನೀರೊಳಗಿನ ಸ್ಕೂಟರ್ ಚೆನ್ನಾಗಿದೆ, ಎರಡು ಷರತ್ತಿನ ಮೇಲೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವ, ಕೈ ಬಿಟ್ಟರೆ ನಿಲ್ಲುವ ಗುಂಡಿ ಇರಬೇಕು. ಎಳೆಯುವ ಹಗ್ಗವನ್ನು ಕಾಲಿನ ನಡುವಿನ ಪಟ್ಟಿಗೆ ಸಿಕ್ಕಿಸುವುದು ವಾಡಿಕೆ, ಅಲ್ಲಿ ಬೇಡ. ಎಳೆತವೆಲ್ಲ ಸಂವೇದನೆಯಿಲ್ಲದ ಚರ್ಮದ ಮೇಲೆ ಬೀಳುತ್ತದೆ. ಎದೆಯ ಉಂಗುರಕ್ಕೆ ಸಿಕ್ಕಿಸಿ. ಮೇಲ್ಮುಖವಾಗಿ ಓಡಿಸಲೇಬೇಡಿ, ಮೇಲೇರುವ ವೇಗ ನಿಮಿಷಕ್ಕೆ 9 ಮೀಟರ್ ಎಂಬ ಮಿತಿಯನ್ನು ಅದು ಕಣ್ಣು ಮಿಟುಕಿಸುವುದರೊಳಗೆ ದಾಟುತ್ತದೆ.

ಇನ್ನು ತರಬೇತಿ ಸೇವೆ. ಈ ಕ್ಷೇತ್ರದಲ್ಲಿ ಹಳೆಯದು 1981ರಲ್ಲಿ ಶುರುವಾದ ಹ್ಯಾಂಡಿಕ್ಯಾಪ್ಡ್ ಸ್ಕೂಬಾ ಅಸೋಸಿಯೇಷನ್, ಎಚ್‌ಎಸ್‌ಎ. ಅದರ ಮೂರು ದರ್ಜೆಯ ಪದ್ಧತಿ ಇವತ್ತಿಗೂ ಪ್ರಾಮಾಣಿಕ. ತನ್ನನ್ನೂ ನೋಡಿಕೊಂಡು ಜೊತೆಗಾರನಿಗೂ ನೆರವಾಗಬಲ್ಲವರು ‘ಎ’, ಒಬ್ಬ ಜೊತೆಗಾರ ಸಾಕು. ‘ಬಿ’ಗೆ ಇಬ್ಬರು. ‘ಸಿ’ಗೂ ಇಬ್ಬರೇ, ಆದರೆ ಅವರಲ್ಲೊಬ್ಬರು ರಕ್ಷಣಾ ತರಬೇತಿ ಪಡೆದಿರಬೇಕು. ಡೈವರ್‌ಗಳು ಈ ಜೊತೆಗಾರನನ್ನು ‘ಬಡ್ಡಿ’ ಅನ್ನುತ್ತಾರೆ. ಅಸಲಿಗಿಂತ ಬಡ್ಡಿಯೇ ದೊಡ್ಡದಾಗುವುದು ಇಲ್ಲಿ ಮಾತ್ರ ಒಳ್ಳೆಯ ಲಕ್ಷಣ. ಡೈವಿಂಗ್ ತರಬೇತಿಯ ಪ್ಯಾಡಿ ಸಂಸ್ಥೆಯ ಅಡಾಪ್ಟಿವ್ ಟೆಕ್ನಿಕ್ಸ್ ಕೋರ್ಸ್ ಕಲಿಸುವವರಿಗೆ, ಜೊತೆಗಾರರಿಗೆ ಉಪಯುಕ್ತ, ಆದರೆ ಅದರ ಕಾರ್ಡು ಗೋಡೆಯ ಮೇಲಿದ್ದ ಮಾತ್ರಕ್ಕೆ ಎತ್ತಿ ದೋಣಿಗಿಳಿಸುವ ಕೈ ಪಳಗಿದೆ ಎಂದಲ್ಲ.

ಕೇಂದ್ರವನ್ನು ಅಳೆಯಲು ಫೋನಿನಲ್ಲೇ ನಾಲ್ಕು ಪ್ರಶ್ನೆ ಸಾಕು. ನೀರಿಂದ ಮೇಲೆ ತರುವುದು ಹೇಗೆ? ಟ್ಯಾಂಕು, ಜಾಕೆಟ್, ತೂಕ ನೀರಲ್ಲೇ ಬಿಚ್ಚಿ, ದೋಣಿಯಂಚಿಗೆ ದಪ್ಪ ಫೋಮ್ ಹಾಸಿ, ಇಬ್ಬರು ಎತ್ತುತ್ತೇವೆ ಎಂದರೆ ಸರಿ; ‘ಕಂಕುಳಲ್ಲಿ ಹಿಡಿದು ಎಳೆದುಕೊಳ್ತೀವಿ’ ಎಂದರೆ ಫೋನಿಡಿ. ವೈದ್ಯಕೀಯ ಪ್ರಶ್ನಾವಳಿ ಯಾವಾಗ ಕಳಿಸುತ್ತೀರಿ? 2020ರಲ್ಲಿ ಪರಿಷ್ಕರಿಸಿದ ನಮೂನೆಯಲ್ಲಿ ಮುಖ್ಯ ಪ್ರಶ್ನೆಗಳು ಹತ್ತೇ, ಆದರೆ ಬೆನ್ನುಹುರಿ ಪೆಟ್ಟಿನವರು ವೈದ್ಯರ ಸಹಿ ತರಲೇಬೇಕಾಗುತ್ತದೆ. ಡೈವಿನ ದಿನ ಬೆಳಿಗ್ಗೆ ಅದನ್ನು ಕೈಗಿಡುವ ಕೇಂದ್ರಕ್ಕೆ ಇವರನ್ನು ಕರೆದೊಯ್ದ ರೂಢಿಯಿಲ್ಲ ಎಂದೇ ಅರ್ಥ. ಸೆಳೆತಕ್ಕೆ ಹೊಟ್ಟೆಯಲ್ಲಿ ಔಷಧಿಯ ಪಂಪ್ ಇಟ್ಟಿದ್ದರೆ ಅದರ ಕೈಪಿಡಿಯ ಆಳದ ಮಿತಿಯನ್ನೂ ವೈದ್ಯರಿಗೆ ತೋರಿಸಿ. ಮೂರನೆಯದು, ಡೈವಿಗೆ ಮುಂಚೆ ಸಂವೇದನೆಯ ನಕ್ಷೆ ಬರೆದಿಟ್ಟುಕೊಳ್ಳುತ್ತೀರಾ? ಮರಗಟ್ಟುವುದು, ಬಲ ಕುಂದುವುದು, ಮೂತ್ರ ಕಟ್ಟುವುದು ಡಿಕಂಪ್ರೆಶನ್ ಕಾಯಿಲೆಯ, ಅಂದರೆ ಮೇಲೇರುವಾಗ ದೇಹದೊಳಗೆ ಅನಿಲದ ಗುಳ್ಳೆ ಕಟ್ಟುವ ತೊಂದರೆಯ ಲಕ್ಷಣಗಳೂ ಹೌದು. ಎಲ್ಲಿಯ ತನಕ ಸ್ಪರ್ಶ ತಿಳಿಯುತ್ತಿತ್ತು, ಯಾವ ಬೆರಳು ಎಷ್ಟು ಆಡುತ್ತಿತ್ತು ಎಂದು ಒಂದು ಹಾಳೆಯಲ್ಲಿ ಗುರುತಿಲ್ಲದಿದ್ದರೆ, ಹಳೆಯದು ಯಾವುದು ಹೊಸದು ಯಾವುದು ಎಂದು ಯಾವ ವೈದ್ಯರೂ ಹೇಳಲಾರರು.

ನಾಲ್ಕನೆಯದು ಗಾಲಿಕುರ್ಚಿ ಎಲ್ಲಿರುತ್ತದೆ ಎಂಬುದು. ಉಪ್ಪುನೀರು ಸಿಡಿದರೆ ಚಕ್ರದ ಬೇರಿಂಗ್ ಕೆಲವೇ ದಿನದಲ್ಲಿ ಕರಕರ ಎನ್ನುತ್ತದೆ. ದೋಣಿಗೆ ಪ್ಲಾಸ್ಟಿಕ್ ಕೊಳವೆಯ ನೀರುಕುರ್ಚಿ, ಮರಳಿಗೆ ದಪ್ಪ ಬಲೂನ್ ಚಕ್ರದ್ದು ಇದೆಯೇ ಕೇಳಿ. ಸ್ವಂತ ಕುರ್ಚಿ ದಡದಲ್ಲಿ ನೆರಳಲ್ಲಿರಲಿ, ಅದರ ದಿಂಬು ಒಣ ಚೀಲದೊಳಗೆ ದೋಣಿಗೇ ಬರಲಿ. ಮರಳುವ ದಾರಿಯುದ್ದಕ್ಕೂ ಕೂರುವುದು ಮರದ ಹಲಗೆಯ ಮೇಲೆ, ಅದೂ ಒದ್ದೆ ಚರ್ಮದಲ್ಲಿ.